ದೂರದರ್ಶನಕ್ಕೆ ತಕ್ಕ ಗೋಡೆ
ಆಂಟಾಪ್ ಹಿಲ್‌ನ ಮನೆಗಳನ್ನು ಮುಂದಿಟ್ಟುಕೊಂಡು ಒಂದು ಗೃಹಾರೋಗ್ಯ ವಿಚಾರ

ಮನೆಗೆ ದೂರದರ್ಶನ ಯಂತ್ರವನ್ನು ಕೊಳ್ಳುವಾಗ ಅದರ ಬೆಲೆ, ಅಳತೆ, ಬಣ್ಣಗಳ ಕಾಂತಿ ಇವುಗಳನ್ನು ಕುರಿತು ವಾರಗಟ್ಟಲೆ ಚರ್ಚೆ ನಡೆಯುವುದುಂಟು. ಅದನ್ನು ಯಾವ ಗೋಡೆಗೆ, ಎಷ್ಟು ಎತ್ತರಕ್ಕೆ, ಯಾವ ಬ್ರಾಕೆಟ್ಟಿನಿಂದ ತೂಗುಹಾಕಬೇಕೆಂಬ ಪ್ರಶ್ನೆ ಮಾತ್ರ ಅಂಗಡಿಯ ಹುಡುಗನು ಡ್ರಿಲ್ ಮಶೀನು ಹಿಡಿದು ಹೊಸ್ತಿಲಲ್ಲಿ ಬಂದು ನಿಂತ ಮೇಲೆಯೇ ಏಳುತ್ತದೆ. ಆತನಿಗೆ ಆ ದಿನ ಇನ್ನೂ ನಾಲ್ಕು ಮನೆಗಳ ಕೆಲಸ ಬಾಕಿಯಿರುತ್ತದೆ. ಐದು ನಿಮಿಷದಲ್ಲಿ ತೀರ್ಮಾನವಾಗಿ, ಇನ್ನು ಹತ್ತು ನಿಮಿಷದಲ್ಲಿ ತೂತುಗಳು ಬಿದ್ದು, ಪರದೆಯ ಮೇಲೆ ಚಿತ್ರವೂ ಮೂಡುತ್ತದೆ. ಅನಂತರದ ಹತ್ತು ವರ್ಷಗಳ ಕಾಲ ಮನೆಯ ಹಿರಿಯರ ಕತ್ತು ಮತ್ತು ಕಿರಿಯರ ತಲೆ ಈ ಐದು ನಿಮಿಷದ ತೀರ್ಮಾನಕ್ಕೆ ಅಧೀನವಾಗಿರುತ್ತವೆ. ಆದುದರಿಂದ ಇದು ಮೇಲ್ನೋಟಕ್ಕೆ ಗಾರೆಯವನ ಅಥವಾ ಬಡಗಿಯ ವಿಷಯವೆಂದು ತೋರಿದರೂ ಆರೋಗ್ಯದ ಪುಟಗಳಲ್ಲಿ ಸ್ಥಾನ ಪಡೆಯತಕ್ಕ ವಿಷಯವೇ ಸರಿ.

ಮುಂಬಯಿಯ ದೂರದರ್ಶನ ಕೇಂದ್ರವು 1972ರ ಅಕ್ಟೋಬರ್ 2ರಂದು ಪ್ರಸಾರವನ್ನು ಆರಂಭಿಸಿತು. ಅದಾದ ಮೂರು ವರ್ಷಕ್ಕೆ, 1975ರ ಆಗಸ್ಟ್ 1ರಿಂದ ಒಂದು ವರ್ಷದವರೆಗೆ, ಉಪಗ್ರಹದ ಮೂಲಕ ನಡೆದ ಶೈಕ್ಷಣಿಕ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಸೇರಿದ್ದವು. ಕರ್ನಾಟಕದ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಆ ಜಿಲ್ಲೆಗಳಿಂದ ದುಡಿಮೆಯನ್ನರಸಿ ಮುಂಬಯಿಗೆ ಬಂದ ಹಿರಿಯರಲ್ಲಿ ಕೆಲವರಾದರೂ ಮೊಟ್ಟಮೊದಲು ಈ ಯಂತ್ರವನ್ನು ಕಂಡುದು ಊರ ಸಾರ್ವಜನಿಕ ಸ್ಥಳದಲ್ಲಿ, ನೆಲದ ಮೇಲೆ ಕುಳಿತು, ಗುಂಪಿನ ನಡುವಿನಿಂದ ತಲೆಯೆತ್ತಿ ಆಗಿರಬೇಕು. ಊರಿಗೆ ಊರೇ ಕುಳಿತು ನೋಡುವಲ್ಲಿ ಯಂತ್ರವು ಎತ್ತರದಲ್ಲಿರಬೇಕಾದುದು ನ್ಯಾಯ. ರೈಲ್ವೆ ನಿಲ್ದಾಣ, ಉಪಾಹಾರ ಗೃಹ, ಆಸ್ಪತ್ರೆಯ ಪಡಸಾಲೆಗಳಲ್ಲಿಯೂ ಅದೇ ನ್ಯಾಯ ಸಲ್ಲುತ್ತದೆ. ಹತ್ತಡಿಯ ಕೋಣೆಯಲ್ಲಿ ನಾಲ್ವರು ನೋಡುವ ಮನೆಗೆ ಅದೇ ಎತ್ತರವನ್ನು ತಂದುಕೊಳ್ಳಲು ಯಾವ ಕಾರಣವೂ ಇಲ್ಲ. ಆದರೂ ಬಹುಮಂದಿ ತರುತ್ತಾರೆ.

ಹಿಂದಿನ ಗಾಜಿನ ಕೊಳವೆಯ ಯಂತ್ರವು ಇನ್ನೊಂದು ಬಗೆಯ ಅಪಾಯವಾಗಿತ್ತು. 21 ಅಂಗುಲದ ಪೆಟ್ಟಿಗೆಯು ಇಪ್ಪತ್ತು ಕಿಲೋ ಮೀರಿ ತೂಗುತ್ತಿತ್ತು; ತೂಕದ ಬಹುಭಾಗ ಮುಂಬದಿಯ ಗಾಜಿನಲ್ಲಿಯೇ ಇರುತ್ತಿತ್ತು. ಅದನ್ನು ಉಕ್ಕಿನ ಕಪಾಟಿನ ಮೇಲೋ ಗಾಲಿಗಳ ಟ್ರಾಲಿಯ ಮೇಲೋ ಇಟ್ಟು, ಕ್ರೋಶಾ ಹೆಣಿಗೆಯ ಬಟ್ಟೆ ಹೊದಿಸಿ, ಮೇಲೊಂದು ಹೂದಾನಿಯನ್ನಿರಿಸುವುದು ಸಂಪ್ರದಾಯವಾಗಿತ್ತು. ಮಗುವು ಟ್ರಾಲಿಯನ್ನು ಹಿಡಿದು ಮೇಲೇರಲು ಯತ್ನಿಸಿದರೆ ಪೆಟ್ಟಿಗೆ ಮುಂದಕ್ಕೆ ವಾಲುತ್ತಿತ್ತು. ಈಗಿನ ಚಪ್ಪಟೆ ಪರದೆಯ ಯಂತ್ರವು ಹಗುರವಾಗಿದೆ: 32 ಅಂಗುಲದ್ದು ನಾಲ್ಕೈದು ಕಿಲೋ, 43 ಅಂಗುಲದ್ದು ಏಳರಿಂದ ಹತ್ತು ಕಿಲೋ, 55 ಅಂಗುಲದ್ದು ಹದಿನೈದರ ಆಸುಪಾಸು. ಈ ಹಗುರತನವೇ ಜನರನ್ನು ಅಲಕ್ಷ್ಯಕ್ಕೆ ಎಳೆದಿದೆ. ಐದು ಕಿಲೋ ತೂಕದ ವಸ್ತುವೊಂದು ಆರಡಿ ಎತ್ತರದಿಂದ ಚಾಪೆಯ ಮೇಲೆ ಮಲಗಿದವರ ಮೇಲೆ ಬಿದ್ದರೆ ಏನಾದೀತೆಂಬುದನ್ನು ಯಾರೂ ಯೋಚಿಸುವುದಿಲ್ಲ.

ಆಂಟಾಪ್ ಹಿಲ್ ಈ ವಿಚಾರಕ್ಕೆ ಅತ್ಯಂತ ಉಚಿತವಾದ ಸ್ಥಳ. ವಡಾಲ, ಸಾಯನ್, ಕೋಳಿವಾಡಗಳ ನಡುವೆ ಹಬ್ಬಿರುವ ಈ ಪ್ರದೇಶದಲ್ಲಿ ಮುಂಬಯಿಯ ಗೋಡೆಗಳ ಎಲ್ಲ ಜಾತಿಗಳನ್ನೂ ಒಂದು ಸಂಜೆಯ ತಿರುಗಾಟದಲ್ಲಿ ಕಾಣಬಹುದು. ಕಾಣೆ ನಗರ ಮತ್ತು ಸಿ.ಜಿ.ಎಸ್. ಕಾಲನಿಯ ಸೆಕ್ಟರುಗಳಲ್ಲಿ ಕೇಂದ್ರ ಸರಕಾರದ ನೌಕರರಿಗಾಗಿ ದಶಕಗಳ ಹಿಂದೆ ಕಟ್ಟಿದ ಕ್ವಾರ್ಟರ್ಸುಗಳು. ಗಲ್ಲಿಗಳಲ್ಲಿ ಒಂದಕ್ಕೊಂದು ಆತುಕೊಂಡು ನಿಂತ ತಗಡಿನ ಮಾಡಿನ ಖೋಲಿಗಳು. ಕೊಳಚೆ ಪುನರ್ವಸತಿ ಯೋಜನೆಯ ಬಹುಮಹಡಿ ಕಟ್ಟಡಗಳು. ಅವುಗಳ ಪಕ್ಕದಲ್ಲಿಯೇ ಲಿಫ್ಟು, ಕಾವಲುಗಾರರುಳ್ಳ ಹೊಸ ಗೋಪುರಗಳು. ಈ ನಾಲ್ಕು ಬಗೆಯ ಮನೆಗಳಲ್ಲಿಯೂ ಕನ್ನಡ ಮಾತು ಕೇಳಿಬರುತ್ತದೆ. 1994ರಲ್ಲಿ ಉದಯ ಟಿ.ವಿ. ಆರಂಭವಾಗಿ, ಕೇಬಲ್ಲಿನ ಮೂಲಕ ಕನ್ನಡವು ದಿನವಿಡೀ ಮನೆಯೊಳಗೆ ಬರತೊಡಗಿದ ಮೇಲೆ ಊರಿನಿಂದ ಮಗನ ಮನೆಗೆ ಬಂದಿಳಿದ ಅಜ್ಜಿಯರಿಗೆ ಈ ಯಂತ್ರವು ಜೊತೆಗಾರ್ತಿಯಾಯಿತು. ನೆರೆಯವರೊಡನೆ ಮರಾಠಿಯಲ್ಲಿಯಾಗಲಿ ಹಿಂದಿಯಲ್ಲಿಯಾಗಲಿ ಮಾತನಾಡಲಾರದ ಮುದುಕಿಯೊಬ್ಬಳು ಹಗಲು ನಾಲ್ಕೈದು ಗಂಟೆ ಅದರೆದುರು ಕುಳಿತರೆ ಆಶ್ಚರ್ಯವಿಲ್ಲ. ಅವಳ ಕತ್ತನ್ನು ಕುರಿತೇ ಮೊದಲು ವಿಚಾರ ಮಾಡತಕ್ಕದ್ದು.

ಕತ್ತಿಗೆ ತಕ್ಕ ಎತ್ತರ

ಹತ್ತಡಿಗೆ ಹನ್ನೆರಡಡಿಯ ಕೋಣೆಯೊಂದನ್ನು ಊಹಿಸಿಕೊಳ್ಳಬಹುದು. ಅಜ್ಜಿಯು ಒಂದು ಗೋಡೆಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕುಳಿತಿದ್ದಾಳೆ. ಎದುರು ಗೋಡೆಯ ಪರದೆಗೂ ಅವಳ ಕಣ್ಣಿಗೂ ನಡುವೆ ಸುಮಾರು 240 ಸೆಂಟಿಮೀಟರು, ಅಂದರೆ ಎಂಟಡಿ ದೂರ. ನೆಲದ ಮೇಲೆ ಕುಳಿತವರ ಕಣ್ಣು ನೆಲದಿಂದ ಸುಮಾರು 75 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ಶೋಕೇಸಿನ ಮೇಲೆ ಅಂದವಾಗಿ ಕಾಣಲೆಂದು ಪರದೆಯ ನಡುಭಾಗವನ್ನು ಆರಡಿಗೆ, ಅಂದರೆ 183 ಸೆಂಟಿಮೀಟರಿಗೆ ಏರಿಸಿದರೆ ಅವಳ ದೃಷ್ಟಿಯು 24 ಡಿಗ್ರಿಯಷ್ಟು ಮೇಲಕ್ಕೇರಬೇಕಾಗುತ್ತದೆ. ಅದನ್ನೇ ಮೂರೂವರೆ ಅಡಿಗೆ, ಅಂದರೆ 107 ಸೆಂಟಿಮೀಟರಿಗೆ ಇಳಿಸಿದರೆ ಕೋನವು 8 ಡಿಗ್ರಿಗೆ ಇಳಿಯುತ್ತದೆ. ಕುರ್ಚಿಯಲ್ಲಿ ಕುಳಿತ ಮಗನಿಗೆ ಅದೇ ಪರದೆಯು ಕಣ್ಣಿನ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತದೆ, ಏಕೆಂದರೆ ಸಾಧಾರಣ ಕುರ್ಚಿಯ ಮೇಲೆ ಕುಳಿತವರ ಕಣ್ಣಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ.

ಕತ್ತನ್ನು ಹಿಂದಕ್ಕೆ ಬಾಗಿಸಿದಾಗ ಕತ್ತಿನ ಹಿಂಬದಿಯ ಚಿಕ್ಕ ಕೀಲುಗಳು ಒಂದರ ಮೇಲೊಂದು ಒತ್ತುತ್ತವೆ, ನರಗಳು ಹೊರಡುವ ರಂಧ್ರಗಳು ಕಿರಿದಾಗುತ್ತವೆ. ಎಳೆಯರಿಗೆ ಇದರ ಅರಿವೇ ಆಗದು. ವಯಸ್ಸಿನಿಂದ ಕತ್ತಿನ ಎಲುಬುಗಳು ಸವೆದವರಿಗೆ ಮಾತ್ರ ಇದು ಕತ್ತುನೋವಾಗಿ, ಭುಜದಿಂದ ಬೆರಳತುದಿಯವರೆಗೆ ಹರಿಯುವ ಜೋಮಾಗಿ, ಕೆಲವೊಮ್ಮೆ ತಲೆಸುತ್ತಾಗಿ ಕಾಣಿಸಿಕೊಳ್ಳಬಹುದು. ಮನೆಯವರು ದಿಂಬನ್ನು ಬದಲಿಸುತ್ತಾರೆ, ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಕತ್ತಿನ ಪಟ್ಟಿ ತಂದು ಕಟ್ಟುತ್ತಾರೆ. ಪರದೆಯನ್ನು ಎರಡಡಿ ಕೆಳಗಿಳಿಸುವ ಯೋಚನೆ ಮಾತ್ರ ಬರುವುದಿಲ್ಲ. ಮೇಲಕ್ಕೆ ನೋಡುವಾಗ ರೆಪ್ಪೆಗಳು ಅಗಲವಾಗಿ ತೆರೆದುಕೊಂಡು ಕಣ್ಣೀರ ಪೊರೆ ಬೇಗನೆ ಆರುವುದೂ ಉಂಟು. ಕಣ್ಣು ಉರಿಯುತ್ತದೆಂದು ದೂರುವ ಹಿರಿಯರಿಗೆ ಕನ್ನಡಕದ ಅಂಗಡಿಗೆ ಹೋಗುವ ಮುನ್ನ ಗೋಡೆಯತ್ತ ಒಮ್ಮೆ ನೋಡುವುದು ಲೇಸು.

ಮುಂದಕ್ಕೆ ಬಾಗುವ ಬ್ರಾಕೆಟ್ಟನ್ನು ಹಾಕಿದರೆ ಎತ್ತರದ ದೋಷ ಪರಿಹಾರವಾಗುತ್ತದೆಂದು ಅಂಗಡಿಯವರು ಹೇಳುವುದುಂಟು. ಪರದೆ ಬಾಗಿದರೆ ಚಿತ್ರ ಸ್ಪಷ್ಟವಾಗುತ್ತದೆ, ದೀಪದ ಪ್ರತಿಬಿಂಬ ತಪ್ಪುತ್ತದೆ. ಕತ್ತು ಎತ್ತಬೇಕಾದ ಕೋನ ಮಾತ್ರ ಹಾಗೆಯೇ ಉಳಿಯುತ್ತದೆ.

ಇಲ್ಲಿ ಒಂದು ಸಂಕಟವನ್ನು ಮುಚ್ಚಿಡಲಾಗದು. ಮೂರೂವರೆ ಅಡಿಯಲ್ಲಿ ನಿಂತ 43 ಅಂಗುಲದ ಪರದೆಯ ಕೆಳಅಂಚು ನೆಲದಿಂದ ಎರಡಡಿ ಎಂಟಂಗುಲಕ್ಕೆ ಬರುತ್ತದೆ. ನಡೆಯಲು ಕಲಿತ ಮಗುವಿನ ಕೈಗೆ ಅದು ಎಟಕುತ್ತದೆ. ಅಜ್ಜಿಯ ಕತ್ತಿಗೆ ಹಿತವಾದುದು ಮೊಮ್ಮಗುವಿಗೆ ಅಪಾಯವಾಗಬಾರದಾದರೆ ಯಂತ್ರವು ಗೋಡೆಗೆ ಗಟ್ಟಿಯಾಗಿ, ಅಂಟಿಕೊಂಡಂತೆ ಕುಳಿತಿರಬೇಕು. ಗೋಡೆ ಮತ್ತು ಬ್ರಾಕೆಟ್ಟುಗಳ ವಿಚಾರವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಗೋಡೆಯ ಪರೀಕ್ಷೆ

ಕೋಣೆಯ ನಾಲ್ಕು ಗೋಡೆಗಳಲ್ಲಿ ಎರಡನ್ನು ಮೊದಲೇ ಬಿಟ್ಟುಬಿಡಬಹುದು. ಕಿಟಕಿಗೆ ಎದುರಾದ ಗೋಡೆಯಲ್ಲಿ ಪರದೆಯು ಹಗಲಿಡೀ ಕನ್ನಡಿಯಾಗುತ್ತದೆ. ಕಿಟಕಿಯಿರುವ ಗೋಡೆಯಲ್ಲಿಯೇ ಇಟ್ಟರೆ ಹಿಂದಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಕಿಟಕಿಗೆ ಅಡ್ಡಲಾಗಿರುವ ಗೋಡೆಗಳೇ ಮೇಲು. ಅವೆರಡರಲ್ಲಿ ಒಂದರ ಹಿಂದೆ ಮೋರಿಯೋ ಸ್ನಾನದ ಮನೆಯೋ ಇದ್ದರೆ ಅದನ್ನೂ ಬಿಡತಕ್ಕದ್ದು. ಒಳಗೆ ನೀರಿನ ಕೊಳವೆ ಹಾದಿರಬಹುದು, ತೇವವಂತೂ ಇದ್ದೇ ಇರುತ್ತದೆ.

ಮುಂಬಯಿಯ ಮಳೆಯು ನೈರುತ್ಯದ ಗಾಳಿಯೊಡನೆ ಬರುತ್ತದೆ. ಪಶ್ಚಿಮ ಮತ್ತು ದಕ್ಷಿಣ ದಿಕ್ಕಿನ ಹೊರಗೋಡೆಗಳು ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೀರು ಕುಡಿಯುತ್ತವೆ. ಒಳಬದಿಯಲ್ಲಿ ಬಣ್ಣ ಉಬ್ಬುವುದು, ಬಿಳಿಯ ಉಪ್ಪು ಹುಡಿಯಂತೆ ಮೂಡುವುದು, ಕೈಯಿಟ್ಟರೆ ತಣ್ಣಗಿರುವುದು ಇವು ಅದರ ಗುರುತು. ಅಂಥ ಗೋಡೆಯಲ್ಲಿ ಬ್ರಾಕೆಟ್ಟಿನ ಉಕ್ಕು ತುಕ್ಕು ಹಿಡಿಯುತ್ತದೆ, ಯಂತ್ರದ ಹಿಂಬದಿಗೆ ತೇವ ತಗಲುತ್ತದೆ, ಪ್ಲಗ್ಗಿನ ಸುತ್ತಣ ಗಾರೆ ಸಡಿಲಾಗುತ್ತದೆ. ಮೇ ತಿಂಗಳಲ್ಲಿ ಕಟ್ಟುಮಸ್ತಾಗಿ ಕಂಡ ಗೋಡೆಯು ಆಗಸ್ಟಿನಲ್ಲಿ ಹೇಗಿರುತ್ತದೆಂಬುದನ್ನು ಹೊಸದಾಗಿ ಮನೆಗೆ ಬಂದವರು ನೆರೆಯವರನ್ನು ಕೇಳಿ ತಿಳಿಯಬೇಕು.

ಉಳಿದ ಗೋಡೆಯು ಯಾವುದರಿಂದ ಕಟ್ಟಲ್ಪಟ್ಟಿದೆ ಎಂಬುದನ್ನು ಬಣ್ಣವು ಮರೆಮಾಚುತ್ತದೆ. ಅದನ್ನು ತಿಳಿಯುವ ಉಪಾಯ ಸುಲಭವಾಗಿದೆ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ನೋಡುವುದು ಮೊದಲನೆಯದು. ಡಬಡಬ ಎಂಬ ಪೊಳ್ಳು ದನಿ ಬಂದರೆ ಒಂದೋ ಮೇಲಿನ ಗಿಲಾವು, ಎಂದರೆ ಪ್ಲಾಸ್ಟರು, ಗೋಡೆಯಿಂದ ಬಿಟ್ಟುಕೊಂಡಿದೆ. ಇಲ್ಲವೆ ಅದು ಹಲಗೆಯ ಅಡ್ಡಗೋಡೆ. ಎರಡನೆಯದು ಡ್ರಿಲ್ಲಿನ ಮೊದಲ ತೂತಿನ ಹುಡಿ. ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲದವರೆಗೆ ಬೂದಿಬಣ್ಣದ ಗಿಲಾವಿನ ಹುಡಿ ಬಂದು ಅನಂತರ ಕೆಂಪು ಹುಡಿ ಬಂದರೆ ಇಟ್ಟಿಗೆ. ಬೂದಿಬಣ್ಣದ ಹುಡಿಯೇ ಮುಂದುವರಿದು ಡ್ರಿಲ್ಲು ಗರ್ಜಿಸಿ ಮುಂದೆ ಹೋಗಲೊಲ್ಲದೆ ನಿಂತರೆ ಆರ್.ಸಿ.ಸಿ. ಕಾಂಕ್ರೀಟು. ಬೆಣ್ಣೆಯೊಳಗೆ ಹೋದಂತೆ ಸಲೀಸಾಗಿ ಹೋಗಿ ತಿಳಿಯಾದ ಬೂದು ಹುಡಿ ಸುರಿದರೆ ಅದು ಮುಂಬಯಿಯಲ್ಲಿ ಸಿಪೊರೆಕ್ಸ್ ಎಂದು ಕರೆಯಲ್ಪಡುವ ಹಗುರ ಗಾಳಿಗಲ್ಲು. ಬಿಳಿಯ ಹುಡಿ ಬಂದು ಅರ್ಧ ಅಂಗುಲದ ಆಚೆಗೆ ಡ್ರಿಲ್ಲು ಶೂನ್ಯಕ್ಕೆ ನುಗ್ಗಿದರೆ ಜಿಪ್ಸಮ್ ಹಲಗೆ. ಈ ನಾಲ್ಕಕ್ಕೂ ಪ್ಲಗ್ಗು ಬೇರೆ ಬೇರೆ. ಡಬ್ಬಿಯೊಳಗೆ ಬ್ರಾಕೆಟ್ಟಿನೊಡನೆ ಬಂದ ಪ್ಲಗ್ಗೇ ಎಲ್ಲ ಗೋಡೆಗೂ ಸರಿಯೆಂದು ನಂಬುವುದು ಎಲ್ಲ ಕಾಲಿಗೂ ಒಂದೇ ಅಳತೆಯ ಚಪ್ಪಲಿಯನ್ನು ಕೊಂಡಂತೆ.

ಹಳೆಯ ಕ್ವಾರ್ಟರ್ಸುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇಟ್ಟಿಗೆ. ಒಂಬತ್ತಂಗುಲದ ಗೋಡೆಯಾದರೆ ಅದಕ್ಕಿಂತ ಒಳ್ಳೆಯ ಆಸರೆ ಬೇರಿಲ್ಲ. ನಾಲ್ಕೂವರೆ ಅಂಗುಲದ ಅಡ್ಡಗೋಡೆಯೂ ಚಪ್ಪಟೆ ಬ್ರಾಕೆಟ್ಟನ್ನು ಹೊರಬಲ್ಲದು. 8 ಅಥವಾ 10 ಮಿಲಿಮೀಟರಿನ, ಎರಡಂಗುಲಕ್ಕಿಂತ ಉದ್ದವಾದ ನೈಲಾನ್ ಪ್ಲಗ್ಗನ್ನು ಇಟ್ಟಿಗೆಯ ಮೈಯೊಳಗೆ ಕೂರಿಸಬೇಕು; ಎರಡು ಇಟ್ಟಿಗೆಗಳ ನಡುವಣ ಗಾರೆಯ ಸಂದಿನಲ್ಲಿ ಕೂರಿಸಿದರೆ ಹಿಡಿತ ಸಾಲದು. ಗಿಲಾವಿನ ದಪ್ಪವನ್ನು ಹಿಡಿತದ ಲೆಕ್ಕಕ್ಕೆ ಸೇರಿಸಕೂಡದು. ಎರಡಂಗುಲದ ಪ್ಲಗ್ಗಿನಲ್ಲಿ ಮುಕ್ಕಾಲು ಅಂಗುಲ ಗಿಲಾವಿನಲ್ಲಿಯೇ ಉಳಿದರೆ ನಿಜವಾಗಿ ದುಡಿಯುವುದು ಒಂದೂಕಾಲು ಅಂಗುಲ ಮಾತ್ರ. ಬಿಗಿಯುವಾಗ ಹಿಗ್ಗುವ ಉಕ್ಕಿನ ಆಂಕರ್ ಬೋಲ್ಟು ಗಟ್ಟಿಯಾದುದೆಂದು ಕೆಲವರು ಅದನ್ನೇ ಬಯಸುತ್ತಾರೆ. ಕಾಂಕ್ರೀಟಿನಲ್ಲಿ ಅದು ಶ್ರೇಷ್ಠ. ಹಳೆಯ ಇಟ್ಟಿಗೆಯಲ್ಲಿ ಮಾತ್ರ ಅದರ ಒತ್ತಡಕ್ಕೆ ಇಟ್ಟಿಗೆಯೇ ಸೀಳುವ ಸಂಭವವಿದೆ. ಹಿಂದಿನವರು ಮರದ ಬೆಣೆಯನ್ನು ಹೊಡೆದು ಅದಕ್ಕೆ ತಿರುಪುಮೊಳೆ ಹಾಕುತ್ತಿದ್ದರು. ಗಡಿಯಾರಕ್ಕೂ ದೇವರ ಪಟಕ್ಕೂ ಅದು ಸಾಕು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮರಕ್ಕೆ ಹತ್ತು ಕಿಲೋ ಭಾರವನ್ನು ಒಪ್ಪಿಸುವುದು ಸಲ್ಲದು.

ಕಂಬ ಅಥವಾ ತೊಲೆಯ ಕಾಂಕ್ರೀಟನ್ನು ಆಶ್ರಯಿಸುವ ಮೊದಲು ಒಂದು ಎಚ್ಚರಿಕೆ ಅಗತ್ಯ. ಕಡಲ ಗಾಳಿಯ ಈ ಊರಿನಲ್ಲಿ ಕಾಂಕ್ರೀಟಿನೊಳಗಿನ ಸಲಾಕೆಗಳು ತುಕ್ಕು ಹಿಡಿದು ಉಬ್ಬಿ, ಮೇಲಿನ ಪದರವನ್ನು ಒಡೆದು ಹೊರದೂಡುತ್ತವೆ. 30 ವರ್ಷ ದಾಟಿದ ಕಟ್ಟಡಗಳ ರಚನೆಯನ್ನು ತಜ್ಞರಿಂದ ಪರೀಕ್ಷಿಸಬೇಕೆಂದು ಮುಂಬಯಿ ಮಹಾನಗರಪಾಲಿಕೆಯ ಕಾಯಿದೆಯು ವಿಧಿಸಿರುವುದು ಸುಮ್ಮನೆ ಅಲ್ಲ. ಸಲಾಕೆಯ ಉದ್ದಕ್ಕೆ ಬಿರುಕು ಬಿಟ್ಟ, ಕಂದು ಕಲೆ ಇಳಿದ ಕಂಬದಲ್ಲಿ ತೂತು ಕೊರೆಯುವುದೆಂದರೆ ನೀರಿಗೆ ಹೊಸ ದಾರಿ ತೋರಿಸಿದಂತೆ. ಸರಕಾರಿ ಕ್ವಾರ್ಟರ್ಸಿನ ನಿವಾಸಿಗಳು ಇಂಥ ಬಿರುಕನ್ನು ಕಂಡರೆ ಟಿ.ವಿ.ಯ ವಿಚಾರವನ್ನು ಬದಿಗಿಟ್ಟು ಮೊದಲು ಕೇಂದ್ರ ಲೋಕೋಪಯೋಗಿ ಇಲಾಖೆಯ ದೂರು ಪುಸ್ತಕದಲ್ಲಿ ಬರೆಯಿಸುವುದು ಯುಕ್ತ.

ಪುನರ್ವಸತಿ ಕಟ್ಟಡಗಳ ಮನೆ ಚಿಕ್ಕದು. ಮೊದಲು 225 ಚದರಡಿ ಕೊಡಲಾಗುತ್ತಿತ್ತು, ಆಮೇಲೆ 269 ಆಯಿತು, 2018ರ ಅಭಿವೃದ್ಧಿ ನಿಯಮಗಳಲ್ಲಿ 300 ಆಯಿತು. ಅಡಿಗೆ, ನಿದ್ರೆ, ಓದು, ಟಿ.ವಿ. ಎಲ್ಲವೂ ಅಷ್ಟರಲ್ಲೇ ಆಗಬೇಕು. ಇಲ್ಲಿ ಒಳಗೋಡೆಗಳು ಹೆಚ್ಚಾಗಿ ನಾಲ್ಕಂಗುಲದ ತೆಳು ಗೋಡೆಗಳು, ಬಹುಕಡೆ ಸಿಪೊರೆಕ್ಸಿನವು. ಅದರಲ್ಲಿ ಸುತ್ತಿಗೆಯಂತೆ ಕುಟ್ಟುವ ಡ್ರಿಲ್ಲನ್ನು ನಡೆಸಿದರೆ ತೂತು ಹುಡಿಯಾಗಿ ಅಗಲವಾಗುತ್ತದೆ. ಬರಿದೇ ತಿರುಗುವ ಡ್ರಿಲ್ಲಿನಿಂದ ಕೊರೆದು, ಆ ಕಲ್ಲಿಗೆಂದೇ ಮಾಡಿದ ಉದ್ದನೆಯ ಪ್ಲಗ್ಗನ್ನು ಬಳಸಬೇಕು. ಗೋಡೆಯ ಆಚೆಬದಿಯೂ ಅದೇ ಮನೆಯದಾದರೆ ಆರಪಾರ ಬೋಲ್ಟು ಹಾಕಿ ಆ ಬದಿಗೊಂದು ಉಕ್ಕಿನ ಪಟ್ಟಿಯನ್ನು ಕೊಡುವುದು ಎಲ್ಲಕ್ಕಿಂತ ಭದ್ರ. ಹೊಸ ಗೋಪುರಗಳಲ್ಲಿ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟು ಗೋಡೆಗಳೇ ಇರುವುದುಂಟು. ಅವುಗಳ ಬಲದ ಬಗೆಗೆ ಚಿಂತೆಯಿಲ್ಲ; ಒಳಗೆ ಹಾದುಹೋದ ವಿದ್ಯುತ್ ಕೊಳವೆಗಳ ಚಿಂತೆ ಮಾತ್ರ ಉಳಿಯುತ್ತದೆ.

ತಗಡು ಅಥವಾ ಒಂದೇ ಇಟ್ಟಿಗೆಯ ಗೋಡೆಯ ಖೋಲಿಗಳ ಮಾತು ಬೇರೆ. ಇಲ್ಲಿ ಒಂದೇ ಗೋಡೆಯನ್ನು ಎರಡು ಕುಟುಂಬಗಳು ಹಂಚಿಕೊಂಡಿರುತ್ತವೆ. ಈಚೆ ಕೊರೆದರೆ ಆಚೆ ಗಿಲಾವು ಉದುರುತ್ತದೆ, ಜಗಳ ಹುಟ್ಟುತ್ತದೆ. ನೆಲದಿಂದ ಮಾಳಿಗೆಯ ತೊಲೆಯವರೆಗೆ ಎರಡು ಕಬ್ಬಿಣದ ಆಂಗಲುಗಳನ್ನು ನಿಲ್ಲಿಸಿ ಅವುಗಳಿಗೆ ಬ್ರಾಕೆಟ್ಟನ್ನು ಬಿಗಿದರೆ ಗೋಡೆಯ ಹಂಗಿಲ್ಲದೆ ಕೆಲಸ ಸಾಗುತ್ತದೆ. ಅದೂ ಆಗದಿದ್ದರೆ ತಗ್ಗಾದ, ಅಗಲವಾದ ಮೇಜಿನ ಮೇಲೆ ಇಟ್ಟು, ಹಿಂಬದಿಯ ತೂತುಗಳಿಗೆ ಪಟ್ಟಿ ಕಟ್ಟಿ ಭದ್ರಪಡಿಸುವುದೇ ಸರಿ. ಟಿ.ವಿ. ಗೋಡೆಯ ಮೇಲಿಲ್ಲದಿದ್ದರೆ ಮನೆಗೆ ಶೋಭೆಯಿಲ್ಲವೆಂಬ ಭಾವನೆಯು ಜಾಹೀರಾತುಗಳು ಹುಟ್ಟಿಸಿದ್ದು.

ಬ್ರಾಕೆಟ್ಟಿನ ಲೆಕ್ಕ

ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಒಂದು ಫರ್ಲಾಂಗು ನಡೆಯಬಹುದು. ಅದೇ ಕೊಡವನ್ನು ಚಾಚಿದ ಕೈಯಲ್ಲಿ ಹಿಡಿದರೆ ಹತ್ತು ಹೆಜ್ಜೆಗೆ ತೋಳು ಸೋಲುತ್ತದೆ. ಬ್ರಾಕೆಟ್ಟಿನ ಶಾಸ್ತ್ರವೆಲ್ಲ ಇಷ್ಟರಲ್ಲಿ ಅಡಗಿದೆ.

ಎಂಟು ಕಿಲೋ ತೂಕದ ಯಂತ್ರ, ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ತಿರುಪುಗಳ ನಡುವೆ 20 ಸೆಂಟಿಮೀಟರು ಅಂತರ ಎಂದಿಟ್ಟುಕೊಳ್ಳಬಹುದು. ಚಪ್ಪಟೆ ಬ್ರಾಕೆಟ್ಟಿನಲ್ಲಿ ಯಂತ್ರದ ಭಾರವು ಗೋಡೆಯಿಂದ ಸುಮಾರು 5 ಸೆಂಟಿಮೀಟರು ಮುಂದೆ ನಿಲ್ಲುತ್ತದೆ. ಮೇಲಿನ ತಿರುಪುಗಳನ್ನು ಗೋಡೆಯಿಂದ ಹೊರಕ್ಕೆಳೆಯುವ ಸೆಳೆತವು ಎಂಟನ್ನು ಐದರಿಂದ ಗುಣಿಸಿ ಇಪ್ಪತ್ತರಿಂದ ಭಾಗಿಸಿದಷ್ಟು, ಎಂದರೆ ಬರಿಯ ಎರಡು ಕಿಲೋ. ಇನ್ನು ಬೇಕಾದತ್ತ ತಿರುಗಿಸಬಹುದಾದ ತೋಳಿನ ಬ್ರಾಕೆಟ್ಟನ್ನು 40 ಸೆಂಟಿಮೀಟರು ಹೊರಕ್ಕೆ ಚಾಚಿದರೆ ಅದೇ ಯಂತ್ರದ ಸೆಳೆತವು 16 ಕಿಲೋ ಆಗುತ್ತದೆ. ಯಂತ್ರದ ತೂಕ ಹೆಚ್ಚಲಿಲ್ಲ, ಗೋಡೆಯ ಕಷ್ಟ ಎಂಟು ಪಾಲು ಹೆಚ್ಚಿತು. ಆ ಚಾಚಿದ ಪರದೆಗೆ 18 ಕಿಲೋ ತೂಕದ ಐದು ವರ್ಷದ ಮಗುವು ಜೋತುಬಿದ್ದರೆ ಇನ್ನೂ 36 ಕಿಲೋ ಸೇರಿ ಒಟ್ಟು 52 ಕಿಲೋ ಆಗುತ್ತದೆ. ಮಗು ಜಗ್ಗಿ ಎಳೆದರೆ ಅದಕ್ಕಿಂತಲೂ ಹೆಚ್ಚು. ನಾಲ್ಕಂಗುಲದ ಸಿಪೊರೆಕ್ಸಿನಲ್ಲಿ ಸಾಧಾರಣ ಪ್ಲಗ್ಗು ಇದನ್ನು ತಾಳುವುದೆಂದು ಭರವಸೆಯಿಡಲಾಗದು. ಬ್ರಾಕೆಟ್ಟಿನ ಡಬ್ಬಿಯ ಮೇಲೆ 30 ಕಿಲೋ, 50 ಕಿಲೋ ಎಂದು ಅಚ್ಚಾಗಿರುವುದು ಉಕ್ಕಿನ ಶಕ್ತಿಯನ್ನು ಕುರಿತು. ಮನೆಯ ಗೋಡೆಯನ್ನು ಅವರು ನೋಡಿಲ್ಲ.

ಆದುದರಿಂದ ಚಿಕ್ಕ ಮಕ್ಕಳಿರುವ ಮನೆಗೆ, ತೆಳುಗೋಡೆಯ ಮನೆಗೆ ಚಪ್ಪಟೆ ಬ್ರಾಕೆಟ್ಟೇ ತಕ್ಕದ್ದು. ಅದು ಅಗ್ಗವೂ ಹೌದು. ತೋಳಿನ ಬ್ರಾಕೆಟ್ಟು ಬೇಕೇ ಬೇಕೆನ್ನುವವರು ಒಂಬತ್ತಂಗುಲದ ಇಟ್ಟಿಗೆ ಅಥವಾ ಒಳ್ಳೆಯ ಕಾಂಕ್ರೀಟಿನ ಗೋಡೆಯಿದ್ದರೆ ಮಾತ್ರ ಕೊಳ್ಳತಕ್ಕದ್ದು.

ಯಂತ್ರದ ಹಿಂಬದಿಯಲ್ಲಿ ಚೌಕವಾಗಿ ಅಥವಾ ಆಯತವಾಗಿ ನಾಲ್ಕು ತಿರುಪಿನ ತೂತುಗಳಿರುತ್ತವೆ. ಇವುಗಳ ಅಂತರಕ್ಕೆ ವೇಸಾ ಎಂಬ ಅಂತಾರಾಷ್ಟ್ರೀಯ ಮಾನವಿದೆ: 100ಕ್ಕೆ 100, 200ಕ್ಕೆ 100, 200ಕ್ಕೆ 200, 400ಕ್ಕೆ 400 ಮಿಲಿಮೀಟರು ಹೀಗೆ. ಕೊಳ್ಳುವಾಗ ಪರದೆಯ ಅಂಗುಲಗಳ ಲೆಕ್ಕದಲ್ಲಿ ಬ್ರಾಕೆಟ್ಟು ಕೇಳದೆ ಈ ಅಳತೆಯನ್ನು ಹೇಳಿ ಕೇಳಬೇಕು. ತಿರುಪಿನ ಉದ್ದವೂ ಮುಖ್ಯ. ಗಿಡ್ಡವಾದರೆ ಎರಡು ಸುತ್ತಿನಲ್ಲೇ ನಿಂತು ಕಳಚೀತು. ಉದ್ದವಾದರೆ ಒಳಗಿನ ಪರದೆಯನ್ನು ತಿವಿದೀತು. ಯಂತ್ರದ ಕೈಪಿಡಿಯಲ್ಲಿ ಸರಿಯಾದ ಉದ್ದವನ್ನು ಕೊಟ್ಟಿರುತ್ತಾರೆ. ಆ ಕೈಪಿಡಿಯನ್ನು ರದ್ದಿಯವನಿಗೆ ಹಾಕುವ ಮುನ್ನ ಆ ಪುಟವನ್ನಾದರೂ ನೋಡುವುದೊಳ್ಳೆಯದು.

ಕೊರೆಯುವ ದಿನ

ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಎರಡು ಬೋರ್ಡುಗಳನ್ನು ಜೋಡಿಸುವ ಅಡ್ಡಗೆರೆಯಲ್ಲಿ ತೂತು ಕೊರೆಯಕೂಡದು. ಗೋಡೆಯೊಳಗಿನ ತಂತಿಗಳು ಸಾಮಾನ್ಯವಾಗಿ ಈ ದಾರಿಗಳಲ್ಲಿಯೇ ಸಾಗುತ್ತವೆ. ಮೇನ್ ಸ್ವಿಚ್ಚನ್ನು ಆರಿಸಿ ಎಂದರೆ ಡ್ರಿಲ್ಲು ನಡೆಯುವುದು ಹೇಗೆಂದು ಹುಡುಗನು ನಕ್ಕಾನು. ಬ್ಯಾಟರಿಯಿಂದ ನಡೆಯುವ ಡ್ರಿಲ್ಲು ಈಗ ಎಲ್ಲೆಡೆ ಸಿಗುತ್ತದೆ. ಇಲ್ಲವಾದರೆ ನೆರೆಮನೆಯಿಂದ ತಂತಿ ತರಬಹುದು. ಟಿ.ವಿ.ಗೆ ಕೊಡುವ ಸಾಕೆಟ್ಟು ಮೂರು ಪಿನ್ನಿನದಾಗಿದ್ದು ಅರ್ಥಿಂಗ್ ಇರಬೇಕು. ತೇವದ ಗೋಡೆ, ಅರ್ಥಿಂಗ್ ಇಲ್ಲದ ಸಾಕೆಟ್ಟು, ಉಕ್ಕಿನ ಬ್ರಾಕೆಟ್ಟು ಈ ಮೂರೂ ಕೂಡಿದಲ್ಲಿ ಮಳೆಗಾಲದ ರಾತ್ರಿ ಕೈಯಿಡುವವರಿಗೆ ವಿದ್ಯುದಾಘಾತದ ಭಯವಿದೆ. ತಂತಿಗಳು ಜೋತಾಡದಂತೆ ಪಟ್ಟಿಯೊಳಗೆ ಸೇರಿಸಬೇಕು, ಏಕೆಂದರೆ ಅಂಬೆಗಾಲಿನ ಮಗುವಿಗೆ ಜೋತಾಡುವ ತಂತಿಯು ಹಗ್ಗವಾಗಿಯೇ ಕಾಣುತ್ತದೆ.

ದೇವರ ಮಂಟಪದ ನಂದಾದೀಪದ ಮೇಲ್ಗಡೆ, ಗ್ಯಾಸ್ ಒಲೆಯ ಬಳಿ ಯಂತ್ರವನ್ನು ಇಡಬಾರದು. ಶಾಖವೂ ಮಸಿಯೂ ಅದಕ್ಕೆ ಹಿತವಲ್ಲ. ಯಂತ್ರದ ಕೆಳಗೆ ಮಕ್ಕಳನ್ನು ಮಲಗಿಸುವ ಜಾಗ ಬಾರದಂತೆ ನೋಡಿಕೊಳ್ಳುವುದು ಸಾಧ್ಯವಾದಷ್ಟು ಮಟ್ಟಿಗೆ ಒಳ್ಳೆಯದು. ಒಂದೇ ಕೋಣೆಯ ಮನೆಯಲ್ಲಿ ಅದು ಆಗದಿದ್ದರೆ ತಲೆಯ ಬದಲು ಕಾಲು ಆ ಬದಿಗೆ ಬರುವಂತೆ ಹಾಸಿಗೆ ಹಾಸಬಹುದು. ಪರದೆಯ ಮೇಲಂಚಿನಲ್ಲಿ ರಿಮೋಟು, ಆಟಿಕೆ, ಚಾಕಲೇಟು ಯಾವುದನ್ನೂ ಬಚ್ಚಿಡಬಾರದು. ಮಗು ಹತ್ತುವುದು ಅದಕ್ಕಾಗಿಯೇ.

ಕೊನೆಗೆ ಬ್ರಾಕೆಟ್ಟನ್ನು ಬಿಗಿದ ಮೇಲೆ, ಯಂತ್ರವನ್ನು ತೂಗುಹಾಕುವ ಮುನ್ನ, ಮನೆಯ ಯಜಮಾನನು ಎರಡು ಕೈಗಳಿಂದ ಅದನ್ನು ಹಿಡಿದು ಬಲವಾಗಿ ಕೆಳಕ್ಕೂ ಮುಂದಕ್ಕೂ ಜಗ್ಗಿ ನೋಡಬೇಕು. ಕೂದಲೆಳೆಯಷ್ಟು ಅಲುಗಿದರೂ ತೂತನ್ನು ಬದಲಿಸುವಂತೆ ಹೇಳಲು ಸಂಕೋಚಪಡಬಾರದು. ಅಂಗಡಿಯ ಹುಡುಗನಿಗೆ ಬೇಸರವಾದೀತು, ಚಹಾ ಕೊಟ್ಟರಾಯಿತು.

ಅವಘಡವಾದರೆ

ಯಂತ್ರವು ಮಗುವಿನ ಮೇಲೆ ಬಿದ್ದರೆ ಮೊದಲು ವಿದ್ಯುತ್ತನ್ನು ಆರಿಸಿ ಅನಂತರ ಯಂತ್ರವನ್ನು ನೇರವಾಗಿ ಮೇಲಕ್ಕೆತ್ತಬೇಕು; ಮಗುವನ್ನು ಅಡಿಯಿಂದ ಸೆಳೆಯಕೂಡದು. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಗಾಯಕ್ಕೆ ಅರಿಸಿನ, ಕಾಫಿಪುಡಿ ತುಂಬುವ ರೂಢಿಯನ್ನು ಬಿಡಬೇಕು. ಪ್ರಜ್ಞೆ ತಪ್ಪಿದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದ ಮಂಪರು ಕವಿದರೆ, ಸೆಳವು ಬಂದರೆ, ಕಿವಿ ಮೂಗುಗಳಿಂದ ರಕ್ತವೋ ತಿಳಿನೀರೋ ಇಳಿದರೆ, ಕಣ್ಣಿನ ಪಾಪೆಗಳು ಒಂದು ದೊಡ್ಡದು ಒಂದು ಚಿಕ್ಕದಾಗಿ ಕಂಡರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಆಂಟಾಪ್ ಹಿಲ್‌ನವರಿಗೆ ಸಾಯನ್ನಿನ ಲೋಕಮಾನ್ಯ ತಿಲಕ್ ನಗರಪಾಲಿಕಾ ಆಸ್ಪತ್ರೆ ಸಮೀಪದಲ್ಲಿದೆ. 108ಕ್ಕೆ ಕರೆದರೆ ಆಂಬ್ಯುಲೆನ್ಸು ಬರುತ್ತದೆ. ಹೊರಗೆ ಗಾಯ ಕಾಣದಿದ್ದರೂ ತಲೆಗೆ ಪೆಟ್ಟು ಬಿದ್ದ ಮಗುವನ್ನು ವೈದ್ಯರಿಗೆ ತೋರಿಸಬೇಕು. ಮೊದಲ ಎರಡು ದಿನ ಅದನ್ನು ಒಂಟಿಯಾಗಿ ಬಿಡಬಾರದು. ಕೆಳಗೆ ಬಿದ್ದು ನೆಟ್ಟಗಿರುವಂತೆ ಕಾಣುವ ಯಂತ್ರವನ್ನು ಅಂದೇ ಮತ್ತೆ ಅದೇ ತೂತಿಗೆ ಸಿಕ್ಕಿಸುವವರೂ ಇದ್ದಾರೆ.

ಮಳೆಗಾಲ ಕಳೆದು ದಸರೆಗೆ ಮನೆಯನ್ನು ಗುಡಿಸಿ ಸಾರಿಸುವ ವಾಡಿಕೆ ಮುಂಬಯಿಗೆ ಬಂದವರಲ್ಲಿಯೂ ಉಳಿದಿದೆ. ಜೇಡರ ಬಲೆಯನ್ನು ತೆಗೆಯಲು ಏಣಿ ಹತ್ತಿದಾಗಲೇ ಬ್ರಾಕೆಟ್ಟಿನ ಮೇಲಿನ ಎರಡು ತಿರುಪುಗಳನ್ನು ಸ್ಕ್ರೂಡ್ರೈವರಿನಿಂದ ಒಮ್ಮೆ ಮುಟ್ಟಿ ನೋಡಬಹುದು. ಅವು ಬಿಗಿಯಾಗಿರಬೇಕು; ಸುತ್ತಣ ಬಣ್ಣದಲ್ಲಿ ಹೊಸ ಗೆರೆ ಬಿದ್ದಿರಬಾರದು; ಬ್ರಾಕೆಟ್ಟಿಗೂ ಗೋಡೆಗೂ ನಡುವೆ ಅಂಚೆಕಾರ್ಡು ತೂರಬಾರದು. ತೂರಿದರೆ ಯಂತ್ರವನ್ನು ಆ ಹೊತ್ತಿಗೇ ಕೆಳಗಿಳಿಸಿ, ಬೇರೆ ತೂತು ಕೊರೆಯುವವರೆಗೆ ಮೇಜಿನ ಮೇಲೆ ಇಡಬೇಕು.